ಪಿಷ್ಟಪೇಷಣವೂ ಅತಿದೇಶವೂ: ಘಟಪ್ರಭಾತೀರದ ನಿದರ್ಶನಗಳೊಡನೆ ಗಣಕವಿದ್ಯೆಯ ಒಂದು ವಿಚಾರ

೧

ಒಮ್ಮೆ ಬೀಸಿ ತೆಗೆದ ಹಿಟ್ಟನ್ನು ಮರಳಿ ಬೀಸುಕಲ್ಲಿಗೆ ಸುರಿಯುವ ವ್ಯರ್ಥಶ್ರಮಕ್ಕೆ ಪ್ರಾಚೀನ ಶಾಸ್ತ್ರಕಾರರು ಪಿಷ್ಟಪೇಷಣವೆಂದು ಹೆಸರಿಟ್ಟಿರುವರು. ಎದುರಾಳಿಯೂ ಒಪ್ಪಿಕೊಂಡಿರುವ ಅರ್ಥವನ್ನೇ ಪ್ರಮಾಣಪೂರ್ವಕವಾಗಿ ಸಾಧಿಸಹೊರಡುವುದನ್ನು ತಾರ್ಕಿಕರು ಸಿದ್ಧಸಾಧನವೆಂಬ ದೋಷವಾಗಿ ಎಣಿಸಿರುವರು. ಸೂತ್ರಕಾರರಾದರೋ ಒಂದು ಸೂತ್ರದಲ್ಲಿ ಹೇಳಿದ ಪದವು ಮುಂದಿನ ಸೂತ್ರಗಳಿಗೂ ಹರಿದುಬರುವಂತೆ ಏರ್ಪಡಿಸಿ, ಅರ್ಧಮಾತ್ರೆಯ ಲಾಘವವನ್ನೂ ಲಾಭವೆಂದೇ ಬಗೆದರು. ಇದ್ದುದನ್ನು ಮತ್ತೆ ಹುಟ್ಟಿಸಬೇಡ, ಇದ್ದಲ್ಲಿಂದ ಮುಂದೆ ನಡೆ ಎಂಬುದೇ ಇವೆಲ್ಲದರ ತಾತ್ಪರ್ಯವಾಗಿದೆ.

ಗಣಕಯಂತ್ರಕ್ಕೆ ಕ್ರಮವಿಧಿಗಳನ್ನು ರಚಿಸುವ ಆಧುನಿಕ ವಿದ್ಯೆಯಲ್ಲಿಯೂ ಈ ವಿಚಾರವು ಆ ವಿದ್ಯೆಯ ಬಾಲ್ಯದಿಂದಲೇ ನಡೆದುಬಂದಿದೆ. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಎಡ್ಸ್ಯಾಕ್ ಎಂಬ ಯಂತ್ರವು ೧೯೪೯ನೆಯ ಇಸವಿಯ ಮೇ ತಿಂಗಳ ೬ರಂದು ತನ್ನ ಮೊದಲ ಗಣನೆಯನ್ನು ನಡೆಸಿತು. ವರ್ಗಮೂಲವನ್ನು ತೆಗೆಯುವುದು, ಉತ್ತರವನ್ನು ಅಚ್ಚುಮಾಡುವುದು ಮೊದಲಾದ ಕೆಲಸಗಳು ಎಲ್ಲ ಲೆಕ್ಕಗಳಲ್ಲಿಯೂ ಬರುವುವೆಂದು ಕಂಡ ಅಲ್ಲಿನ ವಿದ್ವಾಂಸರು, ಅಂತಹ ಪ್ರತಿಯೊಂದು ಕೆಲಸದ ವಿಧಿಯನ್ನೂ ಒಮ್ಮೆ ಬರೆದು, ಕಾಗದದ ಪಟ್ಟಿಯಲ್ಲಿ ರಂಧ್ರಗಳಾಗಿ ಕೊರೆದು, ಕಪಾಟಿನಲ್ಲಿ ಇರಿಸಿದರು. ಹೊಸ ಲೆಕ್ಕವನ್ನು ಮಾಡುವವನು ತನಗೆ ಬೇಕಾದ ಪಟ್ಟಿಯನ್ನು ಕಪಾಟಿನಿಂದ ತೆಗೆದು ತನ್ನ ಪಟ್ಟಿಯೊಳಗೆ ಪ್ರತಿಮಾಡಿಕೊಳ್ಳುತ್ತಿದ್ದನು. ಈ ಪಟ್ಟಿಗಳ ಸಂಗ್ರಹಕ್ಕೆ ಲೈಬ್ರರಿ, ಎಂದರೆ ಗ್ರಂಥಭಂಡಾರ, ಎಂಬ ಹೆಸರಾಯಿತು. ೧೯೫೧ರ ಹೊತ್ತಿಗೆ ಅಲ್ಲಿ ೮೭ ಉಪವಿಧಿಗಳು ಸಿದ್ಧವಾಗಿದ್ದುವು. ಮಾರಿಸ್ ವಿಲ್ಕ್ಸ್, ಡೇವಿಡ್ ವೀಲರ್, ಸ್ಟ್ಯಾನ್ಲಿ ಗಿಲ್ ಎಂಬ ಮೂವರು ಅದೇ ವರ್ಷ ಪ್ರಕಟಿಸಿದ ಗ್ರಂಥದಲ್ಲಿ ಈ ಪದ್ಧತಿಯ ವಿವರಣೆ ದೊರೆಯುತ್ತದೆ. ಕಾಗದದ ಪಟ್ಟಿ ಹೋಗಿ ಎಷ್ಟೋ ಕಾಲವಾದರೂ ಲೈಬ್ರರಿಯೆಂಬ ಹೆಸರೂ ಪದ್ಧತಿಯೂ ಉಳಿದುಬಂದಿವೆ.

ಈ ವಿಷಯದಲ್ಲಿ ಎರಡು ಪೂರ್ವಪಕ್ಷಗಳು ಕೇಳಿಬರುತ್ತವೆ. ಪರರು ಬರೆದುದರ ಒಳಗುಟ್ಟು ತಿಳಿಯದಾದುದರಿಂದ ತಾನೇ ಬರೆದುದೇ ವಿಶ್ವಾಸಕ್ಕೆ ಅರ್ಹವೆಂಬುದು ಮೊದಲನೆಯದು. ಬಹುಜನರು ಬಳಸಿ ಪರೀಕ್ಷಿಸಿದುದನ್ನು ವಿಚಾರವಿಲ್ಲದೆ ಎತ್ತಿಕೊಂಡರೆ ಸಾಕೆಂಬುದು ಎರಡನೆಯದು. ಇವೆರಡೂ ಅಪೂರ್ಣವೆಂದು ತೋರುತ್ತದೆ. ಸಿದ್ಧವಸ್ತುವಿನ ವಿನಿಯೋಗವು ಸೋಮಾರಿತನವಲ್ಲ; ಅದು ನಿಯಮಗಳುಳ್ಳ ಒಂದು ಶಾಸ್ತ್ರ. ಆ ನಿಯಮಗಳನ್ನು ಪೂರ್ವಮೀಮಾಂಸೆಯು ಬಹಳ ಹಿಂದೆಯೇ ನಿರೂಪಿಸಿಟ್ಟಿದೆ. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸೀಮೆಯಲ್ಲಿ ಶಾಸನ, ಕಾಲುವೆ, ಪಹಣಿಗಳೆಂಬ ಮೂರು ಕಡೆ ಆ ನಿಯಮಗಳು ನಡೆದುಬಂದಿರುವುದನ್ನು ತೋರಿಸಿ, ಅವನ್ನು ಮೀರಿದಲ್ಲಿ ಗಣಕವಿದ್ಯೆಗೂ ಕನ್ನಡಕ್ಕೂ ಒದಗಿದ ಹಾನಿಯನ್ನು ಹೇಳುವುದು ಈ ಲೇಖನದ ಉದ್ದೇಶ.

೨

ವೇದವು ಎಲ್ಲ ಯಾಗಗಳ ಅಂಗಗಳನ್ನೂ ಒಂದೊಂದಾಗಿ ವಿಧಿಸಿಲ್ಲ. ದರ್ಶಪೂರ್ಣಮಾಸಗಳಂತಹ ಕೆಲವು ಯಾಗಗಳಿಗೆ ಮಾತ್ರ ಅಂಗಕಲಾಪವನ್ನು ಪೂರ್ಣವಾಗಿ ಉಪದೇಶಿಸಿದೆ. ಇವು ಪ್ರಕೃತಿಗಳು. ಇತರ ಇಷ್ಟಿಗಳಿಗೆ ದೇವತೆ, ದ್ರವ್ಯ ಮುಂತಾದ ವಿಶೇಷವನ್ನಷ್ಟೇ ಹೇಳಿ ಬಿಟ್ಟಿದೆ. ಇವು ವಿಕೃತಿಗಳು. ವಿಕೃತಿಯಲ್ಲಿ ಹೇಳದೆ ಉಳಿದುದೆಲ್ಲವೂ ಪ್ರಕೃತಿಯಿಂದ ಬಂದು ಸೇರುತ್ತದೆ. ಹೀಗೆ ಒಂದೆಡೆಯ ವಿಧಿಯು ಮತ್ತೊಂದೆಡೆಗೆ ಸಲ್ಲುವುದಕ್ಕೆ ಅತಿದೇಶವೆಂದು ಹೆಸರು.

ಜೈಮಿನಿಯು ತನ್ನ ಹನ್ನೆರಡು ಅಧ್ಯಾಯಗಳಲ್ಲಿ ಏಳನೆಯದನ್ನೂ ಎಂಟನೆಯದನ್ನೂ ಅತಿದೇಶಕ್ಕೆ ಮೀಸಲಿಟ್ಟಿರುವನು. ಆದರೆ ವಿಚಾರವನ್ನು ಅಲ್ಲಿಗೇ ನಿಲ್ಲಿಸಿಲ್ಲವೆಂಬುದು ಗಮನಾರ್ಹವಾಗಿದೆ. ಒಂಬತ್ತನೆಯ ಅಧ್ಯಾಯದ ವಿಷಯ ಊಹ. ಪ್ರಕೃತಿಯಲ್ಲಿ ಅಗ್ನಿಯನ್ನು ಹೆಸರಿಸುವ ಮಂತ್ರವು ಸೂರ್ಯನಿಗೆ ಸಲ್ಲುವ ಚರುವಿಗೆ ಬಂದಾಗ, ಅಗ್ನಿಯ ಹೆಸರಿದ್ದ ಎಡೆಯಲ್ಲಿ ಸೂರ್ಯನ ಹೆಸರನ್ನು ಇಡಬೇಕು. ಹಾಗೆ ಇಡದಿದ್ದರೆ ಕರ್ಮವು ಕೆಡುತ್ತದೆ. ಹತ್ತನೆಯ ಅಧ್ಯಾಯದ ವಿಷಯ ಬಾಧ. ಪ್ರಕೃತಿಯಲ್ಲಿ ಭತ್ತವನ್ನು ಒರಳಿನಲ್ಲಿ ಕುಟ್ಟಬೇಕೆಂಬ ವಿಧಿಯಿದೆ; ಹೊಟ್ಟನ್ನು ಬಿಡಿಸುವುದೇ ಅದರ ಪ್ರಯೋಜನ. ಧಾನ್ಯದ ಸ್ಥಾನದಲ್ಲಿ ಚಿನ್ನದ ಕಾಳುಗಳನ್ನು ಬಳಸುವ ವಿಕೃತಿಯಲ್ಲಿ ಹೊಟ್ಟೇ ಇಲ್ಲ. ಪ್ರಯೋಜನವು ಲೋಪವಾದುದರಿಂದ ಕುಟ್ಟುವಿಕೆಯನ್ನು ಅಲ್ಲಿ ಬಿಡಬೇಕು. ಇನ್ನು ಹನ್ನೊಂದನೆಯ ಅಧ್ಯಾಯದಲ್ಲಿ, ಒಮ್ಮೆ ಮಾಡಿದ ಅಂಗವು ಅನೇಕ ಪ್ರಧಾನಗಳಿಗೆ ಏಕಕಾಲದಲ್ಲಿ ಉಪಕರಿಸುವ ತಂತ್ರವನ್ನೂ, ಹನ್ನೆರಡನೆಯದರಲ್ಲಿ ಒಂದಕ್ಕಾಗಿ ಮಾಡಿದುದು ತಾನಾಗಿಯೇ ಇನ್ನೊಂದಕ್ಕೆ ಒದಗುವ ಪ್ರಸಂಗವನ್ನೂ ವಿಚಾರಿಸಲಾಗಿದೆ.

ಅತಿದೇಶ, ಊಹ, ಬಾಧ ಎಂಬ ಈ ಮೂರೂ ಕೂಡಿಯೇ ಸಿದ್ಧವಸ್ತುವಿನ ಯುಕ್ತವಾದ ವಿನಿಯೋಗವಾಗುತ್ತದೆ. ತರಬೇಕಾದುದನ್ನು ತರುವುದು ಮೊದಲನೆಯದು; ಬದಲಿಸಬೇಕಾದುದನ್ನು ಬದಲಿಸುವುದು ಎರಡನೆಯದು; ಪ್ರಯೋಜನವಿಲ್ಲದುದನ್ನು ಬಿಡುವುದು ಮೂರನೆಯದು.

ಕನ್ನಡ ವ್ಯಾಕರಣದ ಚರಿತ್ರೆಯಲ್ಲಿ ಈ ಮೂರಕ್ಕೂ ನಿದರ್ಶನಗಳುಂಟು. ಕ್ರಿ. ಶ. ೧೨೬೦ರ ಸುಮಾರಿನಲ್ಲಿ ಶಬ್ದಮಣಿದರ್ಪಣವನ್ನು ರಚಿಸಿದ ಕೇಶಿರಾಜನು ಸಂಧಿ, ಸಮಾಸ, ವಿಭಕ್ತಿ ಮೊದಲಾದ ಸಂಜ್ಞೆಗಳನ್ನು ಹೊಸದಾಗಿ ಸೃಷ್ಟಿಸಹೋಗದೆ ಸಂಸ್ಕೃತದಿಂದ ತಂದನು. ಇದು ಅತಿದೇಶ. ಕನ್ನಡದಲ್ಲಿ ಏಕವಚನ ಬಹುವಚನಗಳೆರಡೇ ನಿಯತವಾದುವೆಂದು ಗಣಿಸಿ, ಸಂಸ್ಕೃತದ ದ್ವಿವಚನಕ್ಕೆ ಪ್ರತ್ಯಯಗಳ ಬೇರೆ ಸಾಲನ್ನು ಏರ್ಪಡಿಸಲಿಲ್ಲ. ಇದು ಬಾಧ. ಆದರೆ ಏಳು ವಿಭಕ್ತಿಗಳ ಲೆಕ್ಕವನ್ನು ತುಂಬಿಸುವುದಕ್ಕಾಗಿ ಪಂಚಮಿಗೆ ಅತ್ತಣಿಂ ಎಂಬುದನ್ನು ಪ್ರತ್ಯಯವಾಗಿ ಎಣಿಸಿದನು. ಇದು ಅತ್ತಣ ಎಂಬ ಪದಕ್ಕೆ ತೃತೀಯೆಯ ಇಂ ಸೇರಿದ ರೂಪವೇ ಹೊರತು ಬೇರೊಂದು ವಿಭಕ್ತಿಯಲ್ಲವೆಂದು ಆಧುನಿಕ ಭಾಷಾಶಾಸ್ತ್ರಜ್ಞರು ಆಕ್ಷೇಪಿಸಿರುವರು. ಬಾಧವು ಬರಬೇಕಾದಲ್ಲಿ ಬಾರದಿದ್ದರೆ ಆಗುವುದಕ್ಕೆ ಇದು ಉದಾಹರಣೆಯಾಗಿದೆ.

೩

ಶಾಸ್ತ್ರದಲ್ಲಿ ಕಂಡ ಈ ಕ್ರಮವು ಲೋಕವ್ಯವಹಾರದಲ್ಲಿ ಹೇಗಿತ್ತೆಂಬುದಕ್ಕೆ ಘಟಪ್ರಭೆಯ ದಡದ ಶಾಸನಗಳೇ ಸಾಕ್ಷಿ. ಗೋಕಾಕಕ್ಕೆ ಸಮೀಪದ ಕೊಣ್ಣೂರಿನಲ್ಲಿಯೂ ಸವದತ್ತಿ, ಬೆಳಗಾವಿಗಳಲ್ಲಿಯೂ ರಟ್ಟ ಮಹಾಮಂಡಲೇಶ್ವರರ ಕಾಲದ ಶಿಲಾಶಾಸನಗಳು ದೊರೆತಿವೆ. ಇವುಗಳಲ್ಲಿ ಅನೇಕವನ್ನು ಜೆ. ಎಫ್. ಫ್ಲೀಟನು ೧೮೭೦ರ ದಶಕದಲ್ಲಿ ಸಂಪಾದಿಸಿ ಮುಂಬಯಿಯ ಏಷ್ಯಾಟಿಕ್ ಸೊಸಾಯಿಟಿಯ ಪತ್ರಿಕೆಯಲ್ಲಿ ಪ್ರಕಟಿಸಿದನು.

ಇಂತಹ ಶಾಸನವೊಂದನ್ನು ಬಿಡಿಸಿ ನೋಡಿದರೆ ಅದರ ಅಂಗಗಳು ಸ್ಪಷ್ಟವಾಗುತ್ತವೆ. ಮೊದಲು ಮಂಗಳಪದ್ಯ, ಆಮೇಲೆ ಕಲ್ಯಾಣದ ಚಾಲುಕ್ಯ ಚಕ್ರವರ್ತಿಯ ಪ್ರಶಸ್ತಿ, ಬಳಿಕ ರಟ್ಟ ಸಾಮಂತನ ಬಿರುದಾವಳಿ, ಅನಂತರ ಕಾಲನಿರ್ದೇಶ, ದಾನಿ, ಪ್ರತಿಗ್ರಾಹಿ, ದತ್ತಭೂಮಿಯ ಎಲ್ಲೆಕಟ್ಟು, ಕೊನೆಯಲ್ಲಿ ದಾನವನ್ನು ಪಾಲಿಸಿದವನಿಗೆ ಫಲ, ಅಳಿದವನಿಗೆ ಶಾಪ. ಇವುಗಳಲ್ಲಿ ಮಂಗಳ, ಚಕ್ರವರ್ತಿಯ ಪ್ರಶಸ್ತಿ, ಶಾಪಾಶೀರ್ವಾದಗಳು ಪ್ರಾಯಶಃ ಸಿದ್ಧಭಾಗಗಳು. ಸಮಸ್ತಭುವನಾಶ್ರಯ ಎಂದು ಮೊದಲಾಗುವ ಚಾಲುಕ್ಯ ಬಿರುದುಗಳ ಸಾಲು ಬನವಾಸಿಯ ಕಡೆಯ ಕಲ್ಲಿನಲ್ಲಿ ಹೇಗೋ ಕೂಂಡಿಯ ನಾಡಿನ ಕಲ್ಲಿನಲ್ಲಿಯೂ ಹಾಗೆಯೇ ಇರುತ್ತದೆ. ಲೇಖಕನು ಅದನ್ನು ರಚಿಸಲಿಲ್ಲ, ತಂದನು. ಅವನು ಹೊಸದಾಗಿ ರಚಿಸಿದುದು ಈ ದಾನ, ಈ ದಾನಿ, ಈ ಹೊಲದ ಮೂಡಣ ಪಡುವಣ ಎಲ್ಲೆಗಳು ಎಂಬಷ್ಟನ್ನೇ.

ಇದನ್ನು ಪ್ರತಿಭಾದಾರಿದ್ರ್ಯವೆಂದು ಭಾವಿಸುವುದು ಸರಿಯಲ್ಲ. ಸಿದ್ಧಭಾಗವು ಸಿದ್ಧವಾಗಿದ್ದುದರಿಂದಲೇ ಎಲ್ಲೆಕಟ್ಟಿನ ಕಡೆಗೆ ಲೇಖಕನ ಅವಧಾನವು ಹರಿಯಲು ಅವಕಾಶವಾಯಿತು. ಹಳ್ಳ, ಹುತ್ತ, ನಟ್ಟ ಕಲ್ಲು, ಹೆದ್ದಾರಿ ಇವುಗಳಲ್ಲಿ ಒಂದು ತಪ್ಪಿದರೂ ಬಸದಿಗೋ ದೇಗುಲಕ್ಕೋ ಸಲ್ಲಬೇಕಾದ ಭೂಮಿ ಕೈತಪ್ಪುತ್ತಿತ್ತು. ಶಾಪವಾಕ್ಯವು ಎಷ್ಟು ಭಯಂಕರವಾಗಿದ್ದರೂ ತಪ್ಪು ಎಲ್ಲೆಯನ್ನು ತಿದ್ದಲಾರದು.

ಆದರೆ ತಂದ ವಸ್ತುವು ತನ್ನ ಹಳೆಯ ಅರ್ಥವನ್ನೂ ಹೊತ್ತು ತರುತ್ತದೆ. ರಟ್ಟರು ಆಳಿದುದು ಸವದತ್ತಿ ಬೆಳಗಾವಿಗಳಿಂದ. ಅವರ ಬಿರುದಾದರೋ ಲತ್ತಲೂರಪುರವರಾಧೀಶ್ವರ. ಲತ್ತಲೂರು ಇಂದಿನ ಮಹಾರಾಷ್ಟ್ರದ ಲಾತೂರೆಂದು ಗುರುತಿಸಲಾಗಿದೆ. ಇದು ರಾಷ್ಟ್ರಕೂಟರಿಂದ ಬಂದ ಕುಲಸ್ಮೃತಿಯೇ ಹೊರತು ಆಳ್ವಿಕೆಯ ವಿವರವಲ್ಲ. ಬಿರುದನ್ನು ಅಕ್ಷರಶಃ ನಂಬಿ ರಟ್ಟರ ರಾಜ್ಯದ ಗಡಿಯನ್ನು ಎಳೆಯುವ ಚರಿತ್ರಕಾರನು ಮೋಸಹೋಗುತ್ತಾನೆ. ಶಾಸನದಲ್ಲಿ ಸಿದ್ಧಭಾಗ ಯಾವುದು, ಅಪೂರ್ವಭಾಗ ಯಾವುದು ಎಂಬ ವಿವೇಕವು ಶಾಸನಾಭ್ಯಾಸಿಗೆ ಮೊದಲ ಪಾಠ. ಪರರ ಲೈಬ್ರರಿಗಳನ್ನು ಬಳಸಿದ ಕ್ರಮವಿಧಿಯನ್ನು ಓದುವವನಿಗೂ ಈ ವಿವೇಕವೇ ಮೊದಲು ಬೇಕಾಗುತ್ತದೆ.

೪

ಕಲ್ಲಿನ ಬರಹದಿಂದ ಕಲ್ಲಿನ ಕಟ್ಟಡಕ್ಕೆ ಬಂದರೆ, ಇದೇ ನದಿಯ ಮೇಲಣ ನೀರಾವರಿ ಕಾರ್ಯವು ಎರಡನೆಯ ನಿದರ್ಶನವನ್ನು ಒದಗಿಸುತ್ತದೆ. ಗೋಕಾಕದ ಜಲಪಾತಕ್ಕೆ ಮೇಲ್ಗಡೆಯಲ್ಲಿ ಧೂಪದಾಳದ ಬಳಿ ೧೯ನೆಯ ಶತಮಾನದ ಕೊನೆಯ ದಶಕಗಳಲ್ಲಿ ಘಟಪ್ರಭೆಗೆ ಒಂದು ಒಡ್ಡನ್ನು ಕಟ್ಟಿ ಕಾಲುವೆಯನ್ನು ತೆಗೆಯಲಾಯಿತು. ಒಡ್ಡಿಗೆ ನೀರನ್ನು ತಿರುಗಿಸುವ ಶಕ್ತಿಯಿತ್ತೇ ಹೊರತು ವರ್ಷವಿಡೀ ಹಿಡಿದಿಡುವ ಶಕ್ತಿಯಿರಲಿಲ್ಲ. ಮಳೆಗಾಲದಲ್ಲಿ ಉಕ್ಕುವ ನದಿ ಬೇಸಗೆಯಲ್ಲಿ ಸೊರಗುತ್ತಿತ್ತು. ಅದರೊಡನೆ ಕಾಲುವೆಯೂ ಸೊರಗುತ್ತಿತ್ತು.

ಸ್ವಾತಂತ್ರ್ಯದ ಅನಂತರ ಘಟಪ್ರಭಾ ಯೋಜನೆಯನ್ನು ಕೈಗೊಂಡ ಶಿಲ್ಪಿಗಳು ಹಳೆಯ ಒಡ್ಡನ್ನು ಕೆಡವಲಿಲ್ಲ; ಅದನ್ನು ಮರೆತು ಬೇರೆ ಕಡೆಯಲ್ಲಿ ಎಲ್ಲವನ್ನೂ ಮೊದಲಿಂದ ಆರಂಭಿಸಲೂ ಇಲ್ಲ. ಮೊದಲ ಘಟ್ಟದಲ್ಲಿ ಧೂಪದಾಳದ ಒಡ್ಡಿನಿಂದಲೇ ಎಡದಂಡೆಯ ಕಾಲುವೆಯು ೭೧ ಕಿಲೋಮೀಟರಿನವರೆಗೆ ಸಾಗಿತು. ಎರಡನೆಯ ಘಟ್ಟದಲ್ಲಿ, ಮೇಲ್ಗಡೆಯ ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ಜಲಾಶಯವನ್ನು ಕಟ್ಟಿ ಅಲ್ಲಿ ನೀರನ್ನು ಕೂಡಿಸಿ, ನದಿಯ ಪಾತ್ರದಲ್ಲಿಯೇ ಕೆಳಕ್ಕೆ ಬಿಟ್ಟು, ಹಳೆಯ ಒಡ್ಡಿನಲ್ಲಿ ತಿರುಗಿಸಿ ಕಾಲುವೆಗೆ ತುಂಬುವ ಏರ್ಪಾಡಾಯಿತು. ಕಾಲುವೆ ೧೦೯ ಕಿಲೋಮೀಟರಿಗೆ ಬೆಳೆಯಿತು. ಮೂರನೆಯ ಘಟ್ಟದಲ್ಲಿ ಅಣೆಕಟ್ಟನ್ನು ಪೂರ್ಣ ಎತ್ತರಕ್ಕೆ ಏರಿಸಲಾಯಿತು. ರಾಜಾ ಲಖಮಗೌಡ ಜಲಾಶಯವೆಂದು ಹೆಸರಾದ ಇದರಲ್ಲಿ ಸುಮಾರು ೫೧ ಟಿ. ಎಂ. ಸಿ. ನೀರು ನಿಲ್ಲುತ್ತದೆ. ಹುಕ್ಕೇರಿಯ ಜಲಾಶಯ, ಗೋಕಾಕದ ಒಡ್ಡು, ಮೂಡಲಗಿಯ ಹೊಲಗಳು ಹೀಗೆ ಒಂದೇ ಸರಪಳಿಯ ಕೊಂಡಿಗಳಾದುವು.

ಮೀಮಾಂಸೆಯ ಮೂರು ಅಂಗಗಳೂ ಇಲ್ಲಿ ಕಾಣುತ್ತವೆ. ಒಡ್ಡನ್ನೂ ನದೀಪಾತ್ರವನ್ನೂ ಇದ್ದಂತೆಯೇ ಕೈಗೊಂಡುದು ಅತಿದೇಶ. ಕಾಲುವೆಯ ಪ್ರಮಾಣವನ್ನು ಹೊಸ ಭಾರಕ್ಕೆ ತಕ್ಕಂತೆ ಹಿಗ್ಗಿಸಿದುದು ಊಹ. ಬಲದಂಡೆಯ ೨೦೨ ಕಿಲೋಮೀಟರಿನ ಕಾಲುವೆಗೂ ಚಿಕ್ಕೋಡಿಯ ಶಾಖೆಗೂ ಆ ಒಡ್ಡು ಒದಗದಾದುದರಿಂದ ಅದನ್ನು ಅಲ್ಲಿ ಬಿಟ್ಟು ಜಲಾಶಯದಿಂದಲೇ ನೀರನ್ನು ತೆಗೆದುದು ಬಾಧ. ಹಳೆಯದು ಒದಗುವಲ್ಲಿ ಅದನ್ನು ಬಳಸಿದರು. ಒದಗದಲ್ಲಿ ಹಟವನ್ನು ಮಾಡಲಿಲ್ಲ.

ಇದರಲ್ಲಿ ಅಡಗಿರುವ ಇನ್ನೊಂದು ಸತ್ಯವನ್ನು ಮರೆಯಲಾಗದು. ಮೇಲಿನದನ್ನು ಅವಲಂಬಿಸಿದವನು ಮೇಲಿನ ಸ್ಥಿತಿಗತಿಗಳನ್ನು ಅರಿತಿರಬೇಕು. ೨೦೧೯ರ ಆಗಸ್ಟಿನಲ್ಲಿ ಅತಿವೃಷ್ಟಿಯಿಂದ ಜಲಾಶಯ ತುಂಬಿ ನದಿ ಉಕ್ಕಿದಾಗ ಗೋಕಾಕದ ಕೇರಿಗಳು ನೀರಿನಲ್ಲಿ ನಿಂತುವು; ೨೦೨೧ರಲ್ಲಿಯೂ ನೆರೆ ಬಂದಿತು. ಬೇಸಗೆಯಲ್ಲಿ ಬೆಳೆಯನ್ನು ಕಾಯುವ ಸಂಬಂಧವೇ ಮಳೆಗಾಲದಲ್ಲಿ ಎಚ್ಚರವನ್ನು ಬೇಡುತ್ತದೆ. ಅವಲಂಬನವು ಉಪಕಾರವೂ ಹೌದು, ಹೊಣೆಯೂ ಹೌದು.

೫

ಶಾಸನದ ಎಲ್ಲೆಕಟ್ಟಿನ ಸ್ಥಾನವನ್ನು ಇಂದಿನ ವ್ಯವಹಾರದಲ್ಲಿ ಪಹಣಿಪತ್ರಿಕೆಯು ಪಡೆದಿದೆ. ಕರ್ಣಾಟಕದ ಕಂದಾಯ ಇಲಾಖೆಯು ೨೦೦೦ದ ಸುಮಾರಿನಲ್ಲಿ ಭೂಮಿ ಎಂಬ ಯೋಜನೆಯಿಂದ ಈ ಪತ್ರಗಳನ್ನು ಗಣಕಕ್ಕೆ ಏರಿಸಿತು. ಅದಕ್ಕೆ ಮೊದಲು ಸುಮಾರು ೯,೦೦೦ ಮಂದಿ ಗ್ರಾಮಲೆಕ್ಕಿಗರು ಇವನ್ನು ಕೈಯಿಂದ ಬರೆದು ಕಾಪಾಡುತ್ತಿದ್ದರು. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು ಸಿದ್ಧಪಡಿಸಿದ ತಂತ್ರಾಂಶದಲ್ಲಿ ಸುಮಾರು ೬೭ ಲಕ್ಷ ರೈತರ ೨ ಕೋಟಿ ದಾಖಲೆಗಳು ಸೇರಿದುವು.

ಇಲ್ಲಿ ಗಮನಿಸಬೇಕಾದುದು ಸಂಖ್ಯೆಯ ದೊಡ್ಡತನವನ್ನಲ್ಲ. ಅಂದು ರಾಜ್ಯದಲ್ಲಿ ಇದ್ದ ತಾಲೂಕುಗಳು ೧೭೭. ಗೋಕಾಕಕ್ಕೆ ಒಂದು ಕ್ರಮವಿಧಿ, ಹುಕ್ಕೇರಿಗೆ ಒಂದು ಕ್ರಮವಿಧಿ ಎಂದು ತಾಲೂಕಿಗೊಂದರಂತೆ ಬರೆಯಹೊರಟಿದ್ದರೆ ೧೭೭ ಬಗೆಯ ತಪ್ಪುಗಳನ್ನು ೧೭೭ ಕಡೆಗಳಲ್ಲಿ ತಿದ್ದಬೇಕಾಗುತ್ತಿತ್ತು. ಒಂದನ್ನೇ ರಚಿಸಿ ಎಲ್ಲೆಡೆಯೂ ನಿಲ್ಲಿಸಿದುದರಿಂದ ಒಂದು ಕಡೆ ಕಂಡ ದೋಷದ ಪರಿಹಾರವು ಎಲ್ಲರಿಗೂ ಸಲ್ಲುವಂತಾಯಿತು. ಇದು ಹನ್ನೊಂದನೆಯ ಅಧ್ಯಾಯದ ತಂತ್ರನ್ಯಾಯಕ್ಕೆ ಒಪ್ಪುವ ಮಾತು. ೨೦೧೮ರ ಹೊತ್ತಿಗೆ ಮೂಡಲಗಿಯು ಗೋಕಾಕದಿಂದ ಬೇರ್ಪಟ್ಟು ತಾನೇ ಒಂದು ತಾಲೂಕಾದಾಗ, ಅದಕ್ಕಾಗಿ ಪಹಣಿಯ ಹೊಸ ಶಾಸ್ತ್ರವನ್ನು ಯಾರೂ ಹುಟ್ಟಿಸಬೇಕಾಗಲಿಲ್ಲ. ತಾಲೂಕಿನ ಹೆಸರು, ಹಳ್ಳಿಗಳ ಹಂಚಿಕೆ ಬದಲಾಗಬೇಕಾಗಿತ್ತಷ್ಟೆ. ಅಗ್ನಿಯ ಎಡೆಯಲ್ಲಿ ಸೂರ್ಯನನ್ನು ಇಟ್ಟಂತೆಯೇ ಇದು.

ಆದರೂ ಸಿದ್ಧವಾದ ತಂತ್ರಾಂಶವು ಹೊಲದ ಎಲ್ಲೆಯನ್ನು ತಾನಾಗಿ ಬಲ್ಲುದಲ್ಲ. ಸರ್ವೇ ನಂಬರು, ಹಿಸ್ಸೆ, ಸಾಗುವಳಿದಾರನ ಹೆಸರು ಇವು ತಪ್ಪಾಗಿ ಸೇರಿದ್ದರೆ ಗಣಕವು ತಪ್ಪನ್ನೇ ಅಂದವಾಗಿ ಅಚ್ಚುಮಾಡಿ ಕೊಡುತ್ತದೆ. ಕೊಣ್ಣೂರಿನ ಕಲ್ಲಿನ ಲೇಖಕನಿಗೆ ಇದ್ದ ಹೊಣೆಯು ಇಂದಿಗೂ ತಪ್ಪಿಲ್ಲ.

೬

ಇದುವರೆಗಿನ ನಿದರ್ಶನಗಳಲ್ಲಿ ಅತಿದೇಶವು ಬಹುಮಟ್ಟಿಗೆ ಫಲಿಸಿದೆ. ಊಹಬಾಧಗಳಿಲ್ಲದೆ ಅತಿದೇಶಮಾತ್ರವನ್ನೇ ನೆಚ್ಚಿದರೆ ಏನಾಗುತ್ತದೆಂಬುದಕ್ಕೆ ದೇಶಾಂತರದ ಒಂದು ವೃತ್ತಾಂತವನ್ನು ನೋಡಬೇಕು. ೧೯೯೬ನೆಯ ಇಸವಿಯ ಜೂನ್ ೪ರಂದು ಯೂರೋಪಿನ ರಾಷ್ಟ್ರಗಳ ಏರಿಯಾನ್ ೫ ಎಂಬ ಹೊಸ ರಾಕೆಟ್ಟ‌ು ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಿಂದ ಮೊದಲ ಬಾರಿಗೆ ಹಾರಿತು. ಒಂದು ನಿಮಿಷವೂ ತುಂಬುವುದರೊಳಗೆ ದಾರಿ ತಪ್ಪಿ ಸಿಡಿದು ನಾಶವಾಯಿತು. ದಿಕ್ಕನ್ನು ತಿಳಿಸುವ ಅದರ ತಂತ್ರಾಂಶವು ಹಿಂದಿನ ಏರಿಯಾನ್ ೪ರಿಂದ ಬಂದುದಾಗಿತ್ತು, ಅಲ್ಲಿ ಚೆನ್ನಾಗಿ ಕೆಲಸವನ್ನೂ ಮಾಡಿತ್ತು. ಹೊಸ ರಾಕೆಟ್ಟಿನ ಅಡ್ಡವೇಗವು ಹಳೆಯದಕ್ಕಿಂತ ಬಹಳ ಹೆಚ್ಚು. ಆ ವೇಗಕ್ಕೆ ಸಂಬಂಧಿಸಿದ ಒಂದು ಬೆಲೆಯು ೧೬ ಬಿಟ್ಟುಗಳ ಪೂರ್ಣಾಂಕದ ಪಾತ್ರೆಯಲ್ಲಿ ಹಿಡಿಸದೆ ಚೆಲ್ಲಿತು, ಯಂತ್ರವು ಸ್ತಬ್ಧವಾಯಿತು. ಆಪತ್ತಿಗೆಂದು ಇಟ್ಟಿದ್ದ ಎರಡನೆಯ ಯಂತ್ರದಲ್ಲಿಯೂ ಅದೇ ತಂತ್ರಾಂಶವಿದ್ದುದರಿಂದ ಅದೂ ಅದೇ ಕಾರಣದಿಂದ ನಿಂತಿತು.

ಪಾತ್ರೆಯ ಅಳತೆಯನ್ನು ಹೊಸ ವೇಗಕ್ಕೆ ತಕ್ಕಂತೆ ಬದಲಿಸದಿದ್ದುದು ಊಹಲೋಪ. ಅದಕ್ಕಿಂತಲೂ ವಿಷಾದಕರವಾದುದು ಬಾಧಲೋಪ. ತಪ್ಪಿದ ಆ ಗಣನೆಯು ಹಾರುವುದಕ್ಕೆ ಮೊದಲು ಯಂತ್ರವನ್ನು ಸರಿಹೊಂದಿಸುವುದಕ್ಕಾಗಿ ಇದ್ದುದು. ನೆಲವನ್ನು ಬಿಟ್ಟ ಬಳಿಕವೂ ಸ್ವಲ್ಪ ಕಾಲ ಅದು ನಡೆಯುತ್ತಿರಲೆಂಬುದು ಏರಿಯಾನ್ ೪ರ ಅಗತ್ಯವಾಗಿತ್ತು; ಏರಿಯಾನ್ ೫ರಲ್ಲಿ ಅದಕ್ಕೆ ಯಾವ ಪ್ರಯೋಜನವೂ ಇರಲಿಲ್ಲ. ಚಿನ್ನದ ಕಾಳುಗಳನ್ನು ಒರಳಿಗೆ ಹಾಕಿ ಕುಟ್ಟಿದಂತಾಯಿತು.

ಅವಲಂಬನದ ಇನ್ನೊಂದು ಅಪಾಯವು ೨೦೧೬ರ ಮಾರ್ಚಿನಲ್ಲಿ ಕಂಡಿತು. ಅಕ್ಷರಪಂಕ್ತಿಯ ಎಡಕ್ಕೆ ಬೇಕಾದಷ್ಟು ಖಾಲಿ ಸ್ಥಳವನ್ನು ತುಂಬುವ ಲೆಫ್ಟ್‌ಪ್ಯಾಡ್ ಎಂಬ ಹನ್ನೊಂದು ಸಾಲುಗಳ ಲೈಬ್ರರಿಯೊಂದನ್ನು ಅದರ ಕರ್ತೃವು ಸಾರ್ವಜನಿಕ ಭಂಡಾರದಿಂದ ಹಿಂದೆಗೆದುಕೊಂಡನು. ಅದನ್ನು ನೇರವಾಗಿಯೋ ಪರಂಪರೆಯಿಂದಲೋ ನೆಚ್ಚಿದ್ದ ಸಾವಿರಾರು ತಂತ್ರಾಂಶಗಳ ನಿರ್ಮಾಣಕಾರ್ಯವು ಆ ಕ್ಷಣವೇ ನಿಂತಿತು. ಕೆಲವು ಗಂಟೆಗಳಲ್ಲಿ ಅದನ್ನು ಮರಳಿ ಇರಿಸಲಾಯಿತಾದರೂ, ಹನ್ನೊಂದು ಸಾಲುಗಳಿಗೂ ಪರಾವಲಂಬನವೇ ಎಂಬ ಪ್ರಶ್ನೆ ಉಳಿಯಿತು. ಇದರಿಂದ ಮೊದಲನೆಯ ಪೂರ್ವಪಕ್ಷವು ಗೆದ್ದಿತೆಂದು ತಿಳಿಯಬಾರದು. ಅಂಗೈಯಗಲದ ಮಡಿಗೆ ಬಿಂದಿಗೆಯಲ್ಲಿ ನೀರೆರೆಯಬಹುದು. ಊರ ಗದ್ದೆಗೆ ಕಾಲುವೆಯೇ ಬೇಕು. ಗುಪ್ತಲಿಪಿಯ ಗಣಿತ, ಕಾಲಗಣನೆ, ಲಿಪಿವಿನ್ಯಾಸ ಇಂತಹ ಆಳವಾದ ವಿಷಯಗಳಲ್ಲಿ ತಾನೊಬ್ಬನೇ ಎಲ್ಲವನ್ನೂ ಬರೆಯುವೆನೆಂಬುದು ಸಾಹಸವಲ್ಲ, ಪ್ರಮಾದ.

೭

ಕನ್ನಡ ಲಿಪಿಯ ಗಣಕಚರಿತ್ರೆಯಲ್ಲಿ ಪಿಷ್ಟಪೇಷಣದ ಹಾನಿಯೂ ಅತಿದೇಶದ ಸೊಗಸೂ ಊಹಲೋಪದ ಕಲೆಯೂ ಒಟ್ಟಿಗೆ ಸಿಗುತ್ತವೆ.

ಕಳೆದ ಶತಮಾನದ ಕೊನೆಯಲ್ಲಿ ಕನ್ನಡದ ಅಕ್ಷರರೂಪಗಳನ್ನು ರಚಿಸಿದ ಪ್ರತಿಯೊಂದು ಸಂಸ್ಥೆಯೂ ಅಕ್ಷರಖಂಡಗಳಿಗೆ ತನ್ನದೇ ಆದ ಸಂಖ್ಯೆಗಳನ್ನು ಕೊಟ್ಟುಕೊಂಡಿತು. ಒಬ್ಬರ ಕೊಂಬು ಇನ್ನೊಬ್ಬರ ಒತ್ತಾಯಿತು. ಒಂದು ಮುದ್ರಣಾಲಯದಲ್ಲಿ ಜೋಡಿಸಿದ ಪುಸ್ತಕವನ್ನು ಇನ್ನೊಂದರಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ ಕಾಣುತ್ತಿತ್ತು. ಆ ಕಾಲದಲ್ಲಿ ಜೋಡಿಸಿದ ಬರಹಗಳನ್ನು ಇಂದಿನ ಸಂಕೇತಕ್ಕೆ ತರಲು ಪರಿವರ್ತಕಗಳನ್ನು ರಚಿಸಬೇಕಾಗಿ ಬಂದಿತು. ಪರಿವರ್ತಕವು ದೊರೆಯದ ಬರಹವು ಲಿಪಿ ತಿಳಿಯದ ಶಾಸನದಂತೆ ಮೂಕವಾಗಿ ಉಳಿಯುತ್ತದೆ.

ಇದಕ್ಕೆ ಪರಿಹಾರವಾಗಿ ಬಂದ ಇಸ್ಕಿ ಎಂಬ ಭಾರತೀಯ ಸಂಕೇತವು ೧೯೮೮ರಲ್ಲಿ ರೂಪುಗೊಂಡು, ೧೯೯೧ರಲ್ಲಿ ಭಾರತೀಯ ಮಾನಕವಾಗಿ ಅಂಗೀಕೃತವಾಯಿತು. ಅದರ ಮೂಲತತ್ತ್ವವು ಮೀಮಾಂಸಕನಿಗೂ ಮೆಚ್ಚಿಗೆಯಾಗುವಂತಹುದು. ಬ್ರಾಹ್ಮಿಯಿಂದ ಹುಟ್ಟಿದ ಲಿಪಿಗಳಿಗೆಲ್ಲ ವರ್ಣಮಾಲೆಯ ಕ್ರಮವು ಬಹುಮಟ್ಟಿಗೆ ಒಂದೇ. ಆದುದರಿಂದ ಮನೆಗಳ ಏರ್ಪಾಡನ್ನೂ ಒಂದೇ ಮಾಡಿ ಲಿಪಿಯನ್ನು ಮಾತ್ರ ಬದಲಿಸಿದರೆ ಸಾಕು. ೧೯೯೧ರಲ್ಲಿಯೇ ಹೊರಬಂದ ಯೂನಿಕೋಡ್ ಎಂಬ ಸಾರ್ವಲೌಕಿಕ ಸಂಕೇತವು ೧೯೮೮ರ ಇಸ್ಕಿಯ ಈ ಏರ್ಪಾಡನ್ನೇ ಕೈಗೊಂಡು, ಒಂದೊಂದು ಲಿಪಿಗೆ ೧೨೮ ಮನೆಗಳ ಒಂದೊಂದು ಖಂಡವನ್ನು ಕೊಟ್ಟಿತು. ದೇವನಾಗರಿಯ ಖಂಡದಲ್ಲಿ ಕಕಾರವು ಎಷ್ಟನೆಯ ಮನೆಯಲ್ಲಿದೆಯೋ ಕನ್ನಡದ ಖಂಡದಲ್ಲಿಯೂ ಅಷ್ಟನೆಯ ಮನೆಯಲ್ಲಿದೆ. ತಮಿಳಿನಲ್ಲಿ ಮಹಾಪ್ರಾಣಗಳಿಲ್ಲವಾದುದರಿಂದ ಆ ಮನೆಗಳನ್ನು ಅಲ್ಲಿ ಬರಿದಾಗಿ ಬಿಡಲಾಗಿದೆ. ಅತಿದೇಶವೂ ಬಾಧವೂ ಇಷ್ಟು ಸ್ಫುಟವಾಗಿ ಕಾಣುವ ಕಾರ್ಯವು ಅಪರೂಪ.

ಸಂಕೇತವಿದ್ದ ಮಾತ್ರಕ್ಕೆ ಅಕ್ಷರವು ತೆರೆಯ ಮೇಲೆ ಮೂಡದು. ಒತ್ತಕ್ಷರ, ಗುಣಿತ, ಅರ್ಕಾವೊತ್ತುಗಳನ್ನು ಸ್ಥಾನವರಿತು ಜೋಡಿಸುವ ಕೆಲಸವನ್ನು ಬೇರೊಂದು ಕ್ರಮವಿಧಿಯು ಮಾಡಬೇಕು. ಹಾರ್ಫ್‌ಬಜ್ ಎಂಬ ಮುಕ್ತ ಲೈಬ್ರರಿಯು ಈ ಕೆಲಸವನ್ನು ಕನ್ನಡಕ್ಕೂ ಅರಬ್ಬಿಗೂ ಇತರ ಅನೇಕ ಲಿಪಿಗಳಿಗೂ ಮಾಡುತ್ತದೆ. ಇದರ ಪೂರ್ವವೃತ್ತಾಂತವು ಬೋಧಪ್ರದವಾಗಿದೆ. ಫ್ರೀಟೈಪ್ ಎಂಬ ಲೈಬ್ರರಿಯಲ್ಲಿ ಹುಟ್ಟಿದ ಇದರ ಮೂಲವನ್ನು ಎರಡು ಬಣದವರು ಪ್ರತಿಮಾಡಿಕೊಂಡು ಬೇರೆ ಬೇರೆಯಾಗಿ ತಿದ್ದುತ್ತಿದ್ದರು. ಒಂದೇ ಹಿಟ್ಟನ್ನು ಎರಡು ಕಲ್ಲುಗಳಲ್ಲಿ ಬೀಸುತ್ತಿರುವುದನ್ನು ಕಂಡು ಇಬ್ಬರೂ ಒಂದಾದರು. ಆ ಐಕ್ಯದ ಫಲವೇ ಈ ಲೈಬ್ರರಿ. ಇಂದು ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್‌ಗಳೆಲ್ಲವೂ ಇದನ್ನೇ ಬಳಸುತ್ತವೆ. ಮೂಡಲಗಿಯ ರೈತನು ತನ್ನ ಆಂಡ್ರಾಯ್ಡ್ ಫೋನಿನಲ್ಲಿ ಪಹಣಿಯನ್ನು ಓದುವಾಗ ಅಕ್ಷರಗಳನ್ನು ಜೋಡಿಸಿಕೊಡುವುದು ಇದೇ.

ಇನ್ನು ಕಲೆಯ ಮಾತು. ಏೞು, ಬಾೞು, ಕೋೞಿ ಎಂಬಲ್ಲಿ ಹಳಗನ್ನಡದವರು ಬರೆಯುತ್ತಿದ್ದ ೞಕಾರವು ಸುಮಾರು ಹತ್ತನೆಯ ಹನ್ನೊಂದನೆಯ ಶತಮಾನಗಳಿಂದ ಸಡಿಲಗೊಂಡು ಳಕಾರದಲ್ಲಿಯೋ ರೇಫದಲ್ಲಿಯೋ ಲೀನವಾಯಿತು. ಮರೆಯುತ್ತಿದ್ದ ಈ ವರ್ಣದ ಪ್ರಯೋಗವನ್ನು ಕೇಶಿರಾಜನು ಪ್ರಯತ್ನಪೂರ್ವಕವಾಗಿ ವಿವರಿಸಿರುವನು. ಇಂತಹ ಅಕ್ಷರಕ್ಕೆ ಯೂನಿಕೋಡಿನಲ್ಲಿ ಒದಗಿದ ಗತಿಯು ವಿಚಿತ್ರವಾದುದು. ತಮಿಳು ಮಲಯಾಳಗಳ ಖಂಡಗಳಲ್ಲಿ ಈ ವರ್ಣಕ್ಕೆ ಇರುವ ಮನೆಯು ಕನ್ನಡದ ಖಂಡದಲ್ಲಿ ಬರಿದಾಗಿದೆ. ಕನ್ನಡದ ೞಕಾರವು ಕುಳಿತಿರುವುದು ಬೇರೊಂದು ಮನೆಯಲ್ಲಿ. ದೇವನಾಗರಿಯ ಖಂಡದಲ್ಲಿ ಆ ಮನೆಯು ಫಾರಸಿ ಮಾತುಗಳಿಗಾಗಿ ಬಳಸುವ, ಚುಕ್ಕೆಯುಳ್ಳ ಫಕಾರದ್ದು. ಮನೆಯಷ್ಟೇ ಅಲ್ಲ, ಹೆಸರೂ ಅದರದೇ: ಯೂನಿಕೋಡಿನ ಪಟ್ಟಿಯಲ್ಲಿ ೞಕಾರದ ಹೆಸರು 'ಫ' ಎಂದೇ ಇದೆ. ಸೂರ್ಯನಿಗೆ ಆಹುತಿಯನ್ನು ಕೊಡುತ್ತ ಅಗ್ನಿಯ ಹೆಸರನ್ನೇ ಉಚ್ಚರಿಸಿದಂತೆ ಇದು ಶುದ್ಧ ಊಹಲೋಪ.

ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಿಸಬಾರದೆಂಬುದು ಯೂನಿಕೋಡಿನ ನಿಯಮ. ಸಾವಿರಾರು ತಂತ್ರಾಂಶಗಳು ಅದನ್ನು ನೆಚ್ಚಿರುವುದರಿಂದ ನಿಯಮವು ಯುಕ್ತವೇ. ಆದುದರಿಂದ ತಪ್ಪು ಹೆಸರು ಹಾಗೆಯೇ ಉಳಿದು, ಅದು ತಪ್ಪೆಂದು ಸಾರುವ ಬೇರೊಂದು ಶುದ್ಧನಾಮವನ್ನು ಪಕ್ಕದಲ್ಲಿ ಪ್ರಕಟಿಸಲಾಗಿದೆ. ಮನೆಯ ಸಂಖ್ಯೆಯನ್ನಷ್ಟೇ ನಂಬಿ ಕನ್ನಡವನ್ನು ದೇವನಾಗರಿಗೆ ತಿರುಗಿಸುವ ಅವಿಚಾರಿತ ಕ್ರಮವಿಧಿಯ ಕೈಗೆ ಹಳಗನ್ನಡ ಶಾಸನದ ಪಾಠವೊಂದು ಸಿಕ್ಕಿದರೆ, ಅದು ಪ್ರತಿಯೊಂದು ೞಕಾರವನ್ನೂ ಪಾರಸೀಕ ಫಕಾರವನ್ನಾಗಿ ಮಾಡೀತು. ಈ ಸಂಕೇತವನ್ನು ತಿರಸ್ಕರಿಸಿ ಕನ್ನಡಕ್ಕೆ ಬೇರೊಂದನ್ನು ಹೊಸದಾಗಿ ಕಲ್ಪಿಸುವುದು ಇದಕ್ಕೆ ಪರಿಹಾರವಲ್ಲ. ಅದು ಹಿಂದಿನ ದಶಕಗಳ ಗೊಂದಲಕ್ಕೆ ಮರಳಿದಂತೆಯೇ ಸರಿ. ಎಲ್ಲರಿಗೂ ಸೇರಿದ ವಸ್ತುವು ರೂಪುಗೊಳ್ಳುವ ಹೊತ್ತಿನಲ್ಲಿ ಆಯಾ ಭಾಷೆಯ ಪಂಡಿತರು ಅಲ್ಲಿ ಇದ್ದು ಪರೀಕ್ಷಿಸಬೇಕಾಗಿತ್ತು. ಕಲ್ಲನ್ನು ಕೊರೆಯುವ ಮೊದಲು ಓಲೆಯನ್ನು ತಿದ್ದಬಹುದು. ಕೊರೆದ ಮೇಲೆ ಪಕ್ಕದಲ್ಲಿ ಇನ್ನೊಂದು ಕಲ್ಲನ್ನು ನೆಡುವುದಷ್ಟೇ ಉಳಿಯುತ್ತದೆ.

ಈ ವಿಚಾರದಿಂದ ಸಿದ್ಧವಾಗುವುದೇನೆಂದರೆ: ಸಿದ್ಧವಸ್ತು ಇರುವಲ್ಲಿ ಅದನ್ನು ಹುಡುಕದೆ ಹೊಸದನ್ನು ರಚಿಸುವುದು ಪಿಷ್ಟಪೇಷಣ, ಹುಡುಕಿ ತಂದುದನ್ನು ಪರೀಕ್ಷಿಸದೆ ನಿಲ್ಲಿಸುವುದು ಚಿನ್ನವನ್ನು ಕುಟ್ಟುವ ಕೆಲಸ. ತಂದವನು ಅದರ ಮೂಲವನ್ನು ಹೆಸರಿಸಬೇಕು, ತನ್ನ ಎಡೆಗೆ ತಕ್ಕಂತೆ ಬದಲಿಸಬೇಕು, ಬೇಡವಾದುದನ್ನು ಬಿಡಬೇಕು, ಕಂಡ ದೋಷವನ್ನು ಮೂಲಕ್ಕೆ ತಿಳಿಸಬೇಕು. ಕನ್ನಡದ ಪದಕೋಶ, ಸಂಧಿವಿಚ್ಛೇದ, ಶಾಸನಪಾಠ ಇವುಗಳ ಭಂಡಾರಗಳು ಇಂದು ರೂಪುಗೊಳ್ಳುತ್ತಿವೆ. ಒಬ್ಬೊಬ್ಬರು ಒಂದೊಂದು ಮೂಲೆಯಲ್ಲಿ ಬೀಸುಕಲ್ಲನ್ನು ಹೂಡದೆ ಒಂದೇ ಭಂಡಾರಕ್ಕೆ ತಮ್ಮ ತಮ್ಮ ಪಾಲನ್ನು ತಂದರೆ, ವ್ಯಾಕರಣವನ್ನು ಬಲ್ಲವರೂ ಶಾಸನಗಳನ್ನು ಓದಬಲ್ಲವರೂ ಆ ಭಂಡಾರದ ಬಾಗಿಲಲ್ಲಿ ನಿಂತು ಅಕ್ಷರ ಅಕ್ಷರವನ್ನೂ ನೋಡಿ ಒಳಗೆ ಬಿಟ್ಟರೆ, ೞಕಾರಕ್ಕೆ ಬಂದ ಗತಿಯು ಮತ್ತೊಂದು ಅಕ್ಷರಕ್ಕೆ ಬಾರದು. ಧೂಪದಾಳದ ಹಳೆಯ ಒಡ್ಡು ಇಂದಿಗೂ ನೀರನ್ನು ತಿರುಗಿಸುತ್ತಿದೆ. ಅದು ಉಳಿದುದು ಹಳೆಯದೆಂಬ ಗೌರವದಿಂದಲ್ಲ. ಅದರ ಬಲವನ್ನೂ ಮಿತಿಯನ್ನೂ ಅರಿತವರು ಅದನ್ನು ಬಳಸಿದುದರಿಂದ.